ಔಂಧ್‌ನ ಜಂಟಿ ಸಮರಾಭ್ಯಾಸ ಬರೀ ಪಿಕ್ನಿಕ್ಕಾ? ಒಬ್ಬ ಮಾಜಿ ಸ್ಯಾಪರನ ಮಾತು

ದಿಘಿ ಹವಾಲ್ದಾರ

ಹೋದ ವಾರ ಈ ಗುಂಪಿನಲ್ಲಿ ಒಬ್ಬರು ಪುಣೆಯ ಔಂಧ್ ಮಿಲಿಟರಿ ಸ್ಟೇಷನ್ನಿನ ಫೋಟೋ ಹಾಕಿದ್ದರು. 2025ರ ಏಪ್ರಿಲ್‌ನ ‘ದಸ್ತ್‌ಲಿಕ್’ ಸಮರಾಭ್ಯಾಸದ್ದು. ನಮ್ಮವರು, ಉಜ್ಬೇಕಿಸ್ತಾನದವರು ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ. ಕೆಳಗೆ ಒಬ್ಬರು ‘ನಮ್ಮ ತೆರಿಗೆ ದುಡ್ಡಲ್ಲಿ ಪಿಕ್ನಿಕ್’ ಎಂದು ಬರೆದಿದ್ದರು. ನನಗೆ ಸಿಟ್ಟು ಬರಲಿಲ್ಲ. ಅರ್ಧ ನಿಜವೇ. ಬಡಾಖಾನಾ (ಎಲ್ಲರೂ ಕೂಡಿ ಉಣ್ಣೋ ದೊಡ್ಡ ಊಟ) ಇರುತ್ತದೆ, ಟೋಪಿ ಬ್ಯಾಡ್ಜು ಅದಲು ಬದಲು ಇರುತ್ತದೆ, ವಾಲಿಬಾಲ್ ಇರುತ್ತದೆ. ಉಳಿದ ಅರ್ಧ ಫೋಟೋದಲ್ಲಿ ಬರೋದಿಲ್ಲ. ಅದನ್ನು ಬರೆಯೋಣ ಅಂತ ಕೂತೆ. ಉದ್ದ ಆದರೆ ಬೈಬೇಡಿ.

ನಾನು ಸವದತ್ತಿ ಕಡೆಯವನು. 1995ರಲ್ಲಿ ಖಡ್ಕಿಯ ಬಾಂಬೆ ಇಂಜಿನಿಯರ್ ಗ್ರೂಪಿಗೆ ಸ್ಯಾಪರ್ ಆಗಿ, ಅಂದರೆ ಸೇನೆಯ ಇಂಜಿನಿಯರ್ ಪಡೆಯ ಜವಾನನಾಗಿ, ಭರ್ತಿಯಾದೆ, 2019ರಲ್ಲಿ ಹವಾಲ್ದಾರನಾಗಿ ಪಿಂಚಣಿಗೆ ಬಂದೆ. ಈಗ ಖರಾಡಿ ಕಡೆ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಇಷ್ಟು ವರ್ಷದಲ್ಲಿ ಬೇರೆ ದೇಶದ ಪಲ್ಟಣಗಳ ಜೊತೆ ಕೆಲಸ ಮಾಡಿದ್ದು ಎರಡೇ ಸಲ. ಮೊದಲನೆಯದು 2012-13ರಲ್ಲಿ, ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿ, ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು. ಎರಡನೆಯದು 2016ರಲ್ಲಿ, ಇದೇ ಔಂಧ್‌ನಲ್ಲಿ, 18 ದೇಶಗಳ ‘ಫೋರ್ಸ್ 18’ ಸಮರಾಭ್ಯಾಸದಲ್ಲಿ.

ಮಲಕಾಲ್ ಬಿಳಿ ನೈಲ್ ನದಿಯ ದಂಡೆಯ ಊರು. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದೆ. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಇಳಿದು ನೋಡಿದರೆ ಕೈ ಹೋಗುವಷ್ಟು ಬಿರುಕು. ಪಕ್ಕದಲ್ಲಿದ್ದವನಿಗೆ ಹೇಳಿದೆ, ‘ಲೇ, ಇದು ನಮ್ಮೂರ ಎರೆ ಹೊಲ!’ ಎರೆಮಣ್ಣು ಗೊತ್ತಿಲ್ಲದವರಿಗೆ ಹೇಳ್ತೀನಿ. ಬೇಸಿಗೆಯಲ್ಲಿ ಕಲ್ಲು. ಮಳೆ ಬಿದ್ದರೆ ಒಂದೊಂದು ಚಪ್ಪಲಿಗೆ ಎರಡೆರಡು ಕಿಲೋ ಅಂಟಿಕೊಳ್ಳುತ್ತದೆ. ಅಲ್ಲಿ ಮಳೆಗಾಲ ಆರು ತಿಂಗಳ ಮೇಲೆ. ರಸ್ತೆ ಅಂದರೆ ಆ ಮಣ್ಣೇ. ಮೇಲೆ ಹಾಕೋಕೆ ಮೊರಂ (ಗರಸು ಮಣ್ಣು) ಬೇಕು ಅಂದರೆ ದೂರದಿಂದ ತರಬೇಕು. ನಮ್ಮ ಕಂಪನಿಯ ಕೆಲಸ ಅದೇ: ರಸ್ತೆ, ಚರಂಡಿ, ಹೆಲಿಕಾಪ್ಟರ್ ಇಳಿಯೋ ಜಾಗ.

ಸೆಕ್ಟರ್ ಆಫೀಸಿನಲ್ಲಿ ಯುರೋಪಿನ ಒಬ್ಬ ಮೇಜರ್ ಇದ್ದರು. ಒಳ್ಳೆ ಮನುಷ್ಯ, ಆದರೆ ಕಾಗದದ ಮನುಷ್ಯ. ಒಂದು ಸಲ ಮಳೆ ನಿಂತ ಮರುದಿನವೇ ಗ್ರೇಡರ್, ಅಂದರೆ ರಸ್ತೆ ಸಮ ಮಾಡೋ ಮಷೀನು, ಹೊರಗೆ ಕಳಿಸಿ ಅಂದರು. ನಾನು ನಮ್ಮ ಕ್ಯಾಪ್ಟನ್ ಸಾಬ್‌ಗೆ ಹೇಳಿದೆ, ‘ಸಾಬ್, ಇನ್ನೂ ಹದ ಬಂದಿಲ್ಲ.’ ಬಾಯಿಗೆ ಕನ್ನಡವೇ ಬಂತು. ಹದಕ್ಕೆ ಹಿಂದಿಯಲ್ಲಿ ಏನಂತಾರೆ? ನನಗೆ ಹೊಳೀಲಿಲ್ಲ. ಸಾತಾರಾ ಕಡೆಯ ನಾಯಕ್ ಒಬ್ಬ ಪಕ್ಕದಿಂದ ‘ವಾಫ್ಸಾ ನಾಹಿ, ಸಾಹೇಬ್’ ಅಂದ. ಸಾಬ್ ಪಂಜಾಬಿನ ರೈತರ ಮನೆಯವರು. ಎರಡು ಸೆಕೆಂಡ್ ನೋಡಿ, ‘ಅಚ್ಛಾ, ವತ್ತರ್!’ ಅಂದರು. ಮೂರು ಭಾಷೆಯಲ್ಲಿ ಒಂದೊಂದು ಮಾತಿದೆ. ಅದನ್ನು ಇಂಗ್ಲಿಷಿನಲ್ಲಿ ಮೇಜರ್‌ಗೆ ಹೇಳೋಕೆ ಸಾಬ್ ಹತ್ತು ನಿಮಿಷ ಒದ್ದಾಡಿದರು. ‘ಇವತ್ತು ಒದ್ದೆ ಇದೆ’ ಅಂದರೆ ಅವರು ‘ಬಿಸಿಲಿದೆಯಲ್ಲ’ ಅಂದರು.

ಗ್ರೇಡರ್ ಹೋಯಿತು. ನಾಲ್ಕು ಕಿಲೋಮೀಟರಿಗೆ ಅಚ್ಚಿನವರೆಗೆ ಹೂತುಕೊಂಡಿತು. ಡೋಜರ್ ತಂದು ಎಳೆಯೋಕೆ ಒಂದೂವರೆ ದಿನ.

ಆಮೇಲೆ ಬಂದವರು ಕೀನ್ಯಾದ ಒಬ್ಬ ಸಿವಿಲ್ ಇಂಜಿನಿಯರ್. ಅವರ ದೇಶದಲ್ಲೂ ಈ ಮಣ್ಣಿದೆ, ‘ಬ್ಲ್ಯಾಕ್ ಕಾಟನ್’ ಅಂತಾರೆ. ಅವರು ಏನೂ ಮಾತಾಡಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದರು, ಒತ್ತಿ ಉಂಡೆ ಮಾಡಿದರು, ಸೊಂಟದ ಎತ್ತರದಿಂದ ಬಿಟ್ಟರು. ಉಂಡೆ ಹಾಗೇ ಕೂತಿತು. ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ನಮ್ಮಪ್ಪ ಬಿತ್ತನೆಗೆ ಮುಂಚೆ ಮಾಡ್ತಿದ್ದದ್ದೂ ಅದೇ. ಒಡೆದು ಚೂರಾದರೆ ಹದ, ಇಲ್ಲದಿದ್ದರೆ ಮನೆಗೆ ವಾಪಸ್.

ಮೇಜರ್ ತಪ್ಪಾಯಿತು ಅಂತ ಯಾವತ್ತೂ ಅನ್ನಲಿಲ್ಲ. ತಮ್ಮ ಫಾರಂನಲ್ಲಿ ಒಂದು ಹೊಸ ಕಾಲಂ ಸೇರಿಸಿದರು, ‘ಮಣ್ಣಿನ ಸ್ಥಿತಿ’ ಅಂತ. ಅದನ್ನು ತುಂಬೋ ಕೆಲಸ ನನಗೇ ಬಿತ್ತು.

ಬಾಣೇರ್ ಬಯಲುಸೀಮೆ

ಅಣ್ಣಾ, ನಾನು ಐಟಿಯವನು. ಇದು ಥೇಟ್ ನಮ್ಮ ಕ್ಲೈಂಟ್ ಕಾಲ್ ಇದ್ದ ಹಾಗೇ ಇದೆ! ಗ್ರೇಡರ್ ಬದಲು ಸರ್ವರ್ ಹೂತುಕೊಳ್ಳುತ್ತದೆ ಅಷ್ಟೆ.

ಒಂದು ಪ್ರಶ್ನೆ, ತಪ್ಪು ತಿಳೀಬೇಡಿ. ವಿಶ್ವಸಂಸ್ಥೆ ಡ್ಯೂಟಿಗೆ ಹೋದವರು ಡಾಲರಲ್ಲಿ ಎಣಿಸಿಕೊಂಡು ಬರ್ತಾರೆ ಅಂತಾರಲ್ಲ, ನಿಜಾನಾ?

ದಿಘಿ ಹವಾಲ್ದಾರ

ತಮ್ಮಾ, ಎಲ್ಲರೂ ಕೇಳೋದು ಇದನ್ನೇ, ನೀನು ಮೊದಲನೆಯವನಲ್ಲ. ವಿಶ್ವಸಂಸ್ಥೆ ತಲೆಗೆ ಇಷ್ಟು ಅಂತ ಸರ್ಕಾರಕ್ಕೆ ಕೊಡುತ್ತದೆ. 2018ರಲ್ಲಿ ಅದು ತಿಂಗಳಿಗೆ 1,428 ಡಾಲರ್. ಅದು ನಮ್ಮ ಜೇಬಿಗಲ್ಲ, ದೆಹಲಿಗೆ. ನಮಗೆ ಸರ್ಕಾರ ತನ್ನ ನಿಯಮದ ಪ್ರಕಾರ ಪರದೇಶದ ಭತ್ಯೆ ಕೊಡುತ್ತದೆ. ಊರಿನ ಸಂಬಳಕ್ಕಿಂತ ಚೆನ್ನಾಗಿಯೇ ಇತ್ತು. ಸುಳ್ಳು ಹೇಳಲ್ಲ, ಆ ದುಡ್ಡಲ್ಲೇ ಊರ ಮನೆಗೆ ಆರ್‌ಸಿಸಿ ಹಾಕಿಸಿದೆ. ಇನ್ನು ವಿಶ್ವಸಂಸ್ಥೆ ನೇರವಾಗಿ ಸೈನಿಕನ ಕೈಗೆ ಕೊಡೋ ದಿನದ ಖರ್ಚು ಎಷ್ಟು ಗೊತ್ತಾ? 1.28 ಡಾಲರ್. ಎಲ್ಲಾ ದೇಶದವರಿಗೂ ಅಷ್ಟೇ.

ದುಡ್ಡಿನ ಮಾತು ಬಂತಲ್ಲ, ಇನ್ನೊಂದು ಹೇಳ್ತೀನಿ. ಗಾಡಿ, ಮಷೀನು ನಾವೇ ಒಯ್ಯಬೇಕು. ಅದಕ್ಕೆ ಬಾಡಿಗೆ ಥರ ದುಡ್ಡು ಬರುತ್ತದೆ. ಮೂರು ತಿಂಗಳಿಗೊಮ್ಮೆ ತಪಾಸಣೆ. ಒಂದು ಬಗೆಯ ಗಾಡಿಯಲ್ಲಿ ನೂರಕ್ಕೆ 90 ಓಡೋ ಸ್ಥಿತಿಯಲ್ಲಿ ಇರಬೇಕು, ಇಲ್ಲದಿದ್ದರೆ ಕಡಿತ. ಕಕ್ಕಸು ಎಷ್ಟು, ಬಟ್ಟೆ ಒಗೆಯೋ ಮಷೀನು ಎಷ್ಟು, ಅದನ್ನೂ ಎಣಿಸ್ತಾರೆ. ಶತ್ರುಗಿಂತ ಆ ಕ್ಲಿಪ್‌ಬೋರ್ಡ್ ಹಿಡಿದ ಅಮ್ಮನಿಗೆ ನಾವು ಜಾಸ್ತಿ ಹೆದರ್ತಿದ್ವಿ.

ದೇವಳಾಲಿ ತೋಪು

ಜೈಹಿಂದ್ ಹವಾಲ್ದಾರ್ ಸಾಬ್. ನಾನು ತೋಪಖಾನೆಯಲ್ಲಿ ಸುಬೇದಾರನಾಗಿದ್ದೆ, ಈಗ ವಿಶ್ರಾಂತವಾಡಿಯಲ್ಲಿ ವಿಶ್ರಾಂತಿ. ಭಾಷೆ ವಿಷಯಕ್ಕೆ ನನ್ನದೊಂದು. ವೈರ್‌ಲೆಸ್‌ನಲ್ಲಿ ಮಾತು ಕೇಳಿಸದಿದ್ದರೆ ‘ಸೇ ಅಗೇನ್’ ಅನ್ನಬೇಕು. ‘ರಿಪೀಟ್’ ಅನ್ನಬಾರದು. ತೋಪಖಾನೆಯಲ್ಲಿ ರಿಪೀಟ್ ಅಂದರೆ ಅದೇ ಗುರಿಗೆ ಮತ್ತೆ ಗುಂಡು ಹಾರಿಸು ಅಂತ. ನಮಗಿದು ರಂಗರೂಟ್ (ಹೊಸ ಭರ್ತಿ) ಕಾಲದಿಂದ ಬಂದಿರುತ್ತದೆ. ಜಂಟಿ ಅಭ್ಯಾಸದಲ್ಲಿ ಬೇರೆ ಪದ್ಧತಿಯಲ್ಲಿ ಕಲಿತವರು ಬಂದರೆ ಮೊದಲ ದಿನ ಇಂಥದ್ದನ್ನೇ ಕೂತು ಹೊಂದಿಸಬೇಕು. ಫೋಟೋದಲ್ಲಿ ಕಾಣೋದಿಲ್ಲ ಅಂದಿರಲ್ಲ, ಇದೂ ಅದೇ.

ನಿಮ್ಮ ಎರಡನೇ ಸಲದ ಕಥೆ ಬರಲಿ.

ಪಿಂಪ್ರಿ ಪದ್ದಕ್ಕ

ಹೌದು, ಫೋರ್ಸ್ 18 ಬಗ್ಗೆ ಬರೀರಿ ಅಣ್ಣಾ. ಅದಕ್ಕೆ ನಮ್ಮ ತುಕಡಿಯ ಮುಖ್ಯಸ್ಥೆ ಸೋಫಿಯಾ ಖುರೇಷಿ ಅಲ್ವಾ? 2025ರಲ್ಲಿ ಆಪರೇಷನ್ ಸಿಂಧೂರ್ ಸಮಯದಲ್ಲಿ ಟಿವಿಯಲ್ಲಿ ಬಂದವರು, ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ!

ದಿಘಿ ಹವಾಲ್ದಾರ

ಹೌದು ಅಕ್ಕಾ, ಅವರೇ. ಆಗ ಲೆಫ್ಟಿನೆಂಟ್ ಕರ್ನಲ್. 18 ದೇಶಗಳ ಪೈಕಿ ತುಕಡಿಗೆ ಹೆಣ್ಣುಮಗಳು ಮುಖ್ಯಸ್ಥೆಯಾಗಿದ್ದದ್ದು ನಮ್ಮದೊಂದೇ. ಅವರು ಬೆಳಗಾವಿ ಸೊಸೆ ಅಂತ ನನಗೆ ಗೊತ್ತಾಗಿದ್ದು ಎಲ್ಲರ ಹಾಗೆ 2025ರಲ್ಲಿ, ಪೇಪರ್ ಓದಿ. ಮೊದಲೇ ಗೊತ್ತಿದ್ದರೆ ಕನ್ನಡದಲ್ಲಿ ನಮಸ್ಕಾರ ಹೇಳ್ತಿದ್ದೆ. ನನ್ನಂಥ ಹವಾಲ್ದಾರ ಅಷ್ಟು ಹತ್ತಿರ ಹೋಗೋದು ಕಷ್ಟ, ಆ ಮಾತು ಬೇರೆ.

ನನ್ನದು ಮೈನ್ ಲೇನ್ ಕೆಲಸ. ನೆಲದಲ್ಲಿ ಹೂತ ಮೈನು, ಅಂದರೆ ನೆಲಬಾಂಬು, ಹುಡುಕಿ ನಡೆಯೋಕೆ ದಾರಿ (ಲೇನ್) ಮಾಡೋದನ್ನು ತೋರಿಸೋದು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2001ರ ಕೊನೆಯಲ್ಲಿ ಆಪರೇಷನ್ ಪರಾಕ್ರಮ್ ಶುರುವಾದಾಗ ಪಾಕಿಸ್ತಾನದ ಗಡಿಯುದ್ದಕ್ಕೂ ಮೈನು ಹೂತೆವು, ಆಮೇಲೆ ನಾವೇ ತೆಗೆದೆವು. ಹೂಳೋದು ದಿನಗಳ ಕೆಲಸ, ತೆಗೆಯೋದು ತಿಂಗಳುಗಳದ್ದು. ರಾಜಸ್ಥಾನದಲ್ಲಿ ಮರಳು ಸರಿದು ಮೈನು ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ನಮ್ಮ ಟೋಳಿಯ ಒಬ್ಬನ ಪಾದ ಹೋಯಿತು. ಅವನಿಗಾಗ 23 ವರ್ಷ.

ಹಾಗಾಗಿ ಔಂಧ್‌ನಲ್ಲಿ ನನಗೆ ಸ್ವಲ್ಪ ಗತ್ತು ಇತ್ತು, ಒಪ್ಪಿಕೊಳ್ತೀನಿ. ಬೋರಲಾಗಿ ಮಲಗಿ ಪ್ರಾಡರ್ ಹಿಡಿದು ತೋರಿಸಿದೆ. ಪ್ರಾಡರ್ ಅಂದರೆ ಉದ್ದ ಸಲಾಕೆ. ನೆಲಕ್ಕೆ ಓರೆಯಾಗಿ, 30 ಡಿಗ್ರಿಯಲ್ಲಿ, ಒಂದೆರಡು ಬೆರಳು ಬಿಟ್ಟು ಒಂದೊಂದು ಸಲ ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತದೆ, ಓರೆಯಾದರೆ ಪಕ್ಕಕ್ಕೆ.

ಲಾವೋಸ್‌ನಿಂದ ಬಂದ ಒಬ್ಬ ಕುಳ್ಳ ಮನುಷ್ಯ ಸುಮ್ಮನೆ ನೋಡ್ತಾ ನಿಂತಿದ್ದ. ನಲವತ್ತರ ಮೇಲಿನವನು. ಅವನ ಸರದಿ ಬಂತು. ಅವನು ಮಲಗಲಿಲ್ಲ, ಕುಕ್ಕರಗಾಲಲ್ಲಿ ಕೂತ. ಮೊದಲು ಐದು ನಿಮಿಷ ಏನೂ ಮಾಡಲಿಲ್ಲ. ಹುಲ್ಲು ನೋಡಿದ. ಹುಲ್ಲಿನ ಬಣ್ಣ ಎಲ್ಲಿ ಬೇರೆ ಇದೆ, ಮಣ್ಣು ಎಲ್ಲಿ ಒಂಚೂರು ತಗ್ಗಿದೆ. ಆಮೇಲೆ ಕತ್ತರಿ ತೆಗೆದು ಹುಲ್ಲನ್ನು ಎಳೆ ಎಳೆಯಾಗಿ ಕತ್ತರಿಸಿ ಪಕ್ಕಕ್ಕಿಟ್ಟ. ಹಿತ್ತಲಲ್ಲಿ ಅಜ್ಜಿ ಕೊತ್ತಂಬರಿ ಕೊಯ್ಯೋ ಹಾಗೆ. ನಾವು ಹೂತಿಟ್ಟ ಡಮ್ಮಿಯನ್ನು ಪ್ರಾಡರ್ ಮುಟ್ಟೋಕೆ ಮುಂಚೆಯೇ ಬೆರಳು ಮಾಡಿ ತೋರಿಸಿದ.

ದುಭಾಷಿ ಮೂಲಕ ಕೇಳಿದೆ, ಎಷ್ಟು ವರ್ಷದಿಂದ ಈ ಕೆಲಸ? ಅವನು ಕೈ ಬೆರಳು ಎಣಿಸೋಕೆ ಶುರು ಮಾಡಿ ಬಿಟ್ಟುಬಿಟ್ಟ. ಅವರ ದೇಶದ ಮೇಲೆ 1964ರಿಂದ 1973ರವರೆಗೆ ಅಮೆರಿಕ 20 ಲಕ್ಷ ಟನ್ನಿಗೂ ಜಾಸ್ತಿ ಬಾಂಬ್ ಹಾಕಿತ್ತು. ಸಿಡಿಯದೆ ಉಳಿದ ಸಣ್ಣ ಬಾಂಬುಗಳನ್ನು ಇವತ್ತಿಗೂ ಹೆಕ್ಕುತ್ತಿದ್ದಾರೆ. ಔಂಧ್‌ನಲ್ಲಿ ಅಮೆರಿಕದ ತುಕಡಿಯೂ ಇತ್ತು. ಮಧ್ಯಾಹ್ನ ಇಬ್ಬರೂ ಒಂದೇ ಸಾಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಪನೀರ್ ಇಬ್ಬರಿಗೂ ಸೇರಲಿಲ್ಲ.

ದಿಘಿ ಹವಾಲ್ದಾರ

ಇನ್ನೊಂದು ಬರೆಯೋದು ಬಿಟ್ಟೆ, ಯಾಕೆಂದರೆ ಸ್ವಲ್ಪ ಚುಚ್ಚುತ್ತದೆ. ನ್ಯೂಜಿಲೆಂಡಿನ ಒಬ್ಬ ಸಾರ್ಜೆಂಟ್ ಇದ್ದ, ಹೆಚ್ಚುಕಮ್ಮಿ ನನ್ನ ದರ್ಜೆಯವನು. ಲೇನ್ ಗುರುತು ಮಾಡೋಕೆ ನೆಲದ ಮೇಲೆ ಹಾಸೋ ಟೇಪ್ ಪಟ್ಟಿ ಕಡಿಮೆ ಬಿತ್ತು. ‘ಆ ಕಡೆಯಿಂದ ಶುರು ಮಾಡೋಣ’ ಅಂದ. ನಾನು ‘ಸಾಬ್‌ನ ಕೇಳಿ ಬರ್ತೀನಿ’ ಅಂದೆ. ಅವನು ನಗಲಿಲ್ಲ, ಸುಮ್ಮನೆ ಕೇಳಿದ: ‘ನಿನಗೆ 21 ವರ್ಷ ಸರ್ವಿಸ್ ಆಗಿದೆ. ಅವರಿಗೆ ಎಷ್ಟು?’

ಸಾಬ್‌ಗೆ ನಾಲ್ಕು ವರ್ಷ ಆಗಿತ್ತು. ನಾನು ಉತ್ತರ ಕೊಡಲಿಲ್ಲ. ಕೇಳಿಕೊಂಡೇ ಬಂದೆ. ಸಾಬ್ ಹೇಳಿದ್ದೂ ‘ಆ ಕಡೆಯಿಂದ ಶುರು ಮಾಡಿ’ ಅಂತಲೇ.

ಬೇರೆ ಪಲ್ಟಣದವರ ಜೊತೆ ಇದ್ದರೆ ಅವರ ಬಗ್ಗೆ ಕಲಿಯೋದು ಕಮ್ಮಿ, ನಮ್ಮ ಬಗ್ಗೆ ಜಾಸ್ತಿ. ಮಲಕಾಲ್‌ನಲ್ಲಿ ಹದದ ವಿಷಯದಲ್ಲೂ ಹಾಗೇ ಆಗಿತ್ತು ಅಂತ ಈಗ ಅನಿಸುತ್ತದೆ. ಕಾಲಂ ತುಂಬೋ ಕೆಲಸ ಸಿಗೋವರೆಗೆ ನನ್ನ ಮಾತಿಗೆ ಕಾಗದದಲ್ಲಿ ಜಾಗವೇ ಇರಲಿಲ್ಲ.

ದೇವಳಾಲಿ ತೋಪು

ಇಲ್ಲಿ ನಾನು ಒಪ್ಪಲ್ಲ. ನಮ್ಮಲ್ಲಿ ಹವಾಲ್ದಾರನಿಗೂ ಆಫೀಸರಿಗೂ ನಡುವೆ ಜೆಸಿಒ ಅನ್ನೋ ದರ್ಜೆ ಇದೆ. ಅವರಲ್ಲಿಲ್ಲ. ಅವರ ಸಾರ್ಜೆಂಟ್ ಮಾಡೋದನ್ನು ನಮ್ಮಲ್ಲಿ ನಾಯಬ್ ಸುಬೇದಾರ್, ಸುಬೇದಾರ್ ಮಾಡ್ತಾರೆ. ಹೊಸ ಲೆಫ್ಟಿನೆಂಟ್‌ಗೆ ಕೈಹಿಡಿದು ಕಲಿಸೋದು ಯಾರು? ನಾವೇ. ಇನ್ನೊಂದು, ಜವಾನನ ಮನೆ ಜಗಳ, ಸಾಲ, ಹೆಂಡತಿ ಹೆರಿಗೆ, ಎಲ್ಲಾ ನಮ್ಮ ತಲೆ ಮೇಲೆ. ಆ ಸಾರ್ಜೆಂಟ್ ಅದನ್ನು ನೋಡ್ತಾನಾ?

ದಿಘಿ ಹವಾಲ್ದಾರ

ಸುಬೇದಾರ್ ಸಾಬ್, ನಿಮ್ಮ ಮಾತು ಸರಿ. ಆದರೆ ಆ ದಿನ ಲೇನ್ ಹತ್ತಿರ ಜೆಸಿಒ ಇರಲಿಲ್ಲ, ನಾನಿದ್ದೆ. ಪಟ್ಟಿ ಬೇಕಿದ್ದದ್ದು ಆಗ.

ದೇವಳಾಲಿ ತೋಪು

ಸರಿ. ರಮ್ ಜೊತೆ ಕೂತು ಮಾತಾಡೋ ವಿಷಯ ಇದು. ಶನಿವಾರ ಬನ್ನಿ.

ಕೊಡವ ಕ್ಯಾಂಪ್

ಮಡಿಕೇರಿಯವರು ಮಾತಾಡದಿದ್ದರೆ ಹೇಗೆ! ಜನರಲ್ ತಿಮ್ಮಯ್ಯನವರ ಹೆಸರೇ ಬಂದಿಲ್ಲವಲ್ಲ. 1953ರಲ್ಲಿ ಕೊರಿಯಾ ಕದನ ನಿಂತ ಮೇಲೆ ವಾಪಸ್ ಹೋಗಲ್ಲ ಅಂದ ಕೈದಿಗಳು 22 ಸಾವಿರಕ್ಕೂ ಜಾಸ್ತಿ. ಅವರನ್ನು ನೋಡಿಕೊಳ್ಳೋಕೆ ಐದು ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷರಾಗಿ ನಮ್ಮ ತಿಮ್ಮಯ್ಯ. ಕಾವಲಿಗೆ ಹೋದ ಭಾರತದ ಪಡೆಯ ಮುಖ್ಯಸ್ಥರು ಥೋರಾತ್, ಕೊಲ್ಲಾಪುರದ ಕಡೆಯವರು. ಕೊನೆಗೆ ಎರಡೂ ಕಡೆ ಬೇಡ ಅಂದ 88 ಕೈದಿಗಳು ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು.

ತಿಮ್ಮಯ್ಯ ತೀರಿಕೊಂಡದ್ದೂ ವಿಶ್ವಸಂಸ್ಥೆ ಕೆಲಸದಲ್ಲೇ. 1965ರ ಡಿಸೆಂಬರ್, ಸೈಪ್ರಸ್.

ಬಾಣೇರ್ ಬಯಲುಸೀಮೆ

ಎಲ್ಲರೂ ಒಳ್ಳೇದೇ ಹೇಳ್ತಿದ್ದೀರಿ. ಮಿತ್ರಪಡೆಗಳ ಮಧ್ಯೆ ಜಗಳ ಆಗೋದಿಲ್ವಾ?

ದೇವಳಾಲಿ ತೋಪು

ಆಗದೆ ಏನು. 2000ದಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಆದದ್ದು ಓದಿ ನೋಡಿ. ಕೈಲಾಹುನ್ ಅನ್ನೋ ಊರಲ್ಲಿ ನಮ್ಮ ಗೋರ್ಖಾ ಜವಾನರನ್ನು ಬಂಡುಕೋರರು ಸುಮಾರು 75 ದಿನ ಸುತ್ತುಗಟ್ಟಿದ್ದರು. ಜುಲೈನಲ್ಲಿ ಆಪರೇಷನ್ ಖುಕ್ರಿ ಮಾಡಿ ಬಿಡಿಸಿಕೊಂಡರು. ಬ್ರಿಟಿಷರ ಚಿನೂಕ್ ಹೆಲಿಕಾಪ್ಟರ್ ಬಂತು, ಘಾನಾ, ನೈಜೀರಿಯಾದವರೂ ಇದ್ದರು. ಇದು ಸಿಹಿ ಭಾಗ. ಕಹಿ ಏನಂದರೆ, ಅಲ್ಲಿನ ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥ ನಮ್ಮ ಮೇಜರ್ ಜನರಲ್ ಜೇಟ್ಲಿ. ನೈಜೀರಿಯಾದವರನ್ನು ದೂರಿ ಅವರು ಬರೆದ ಟಿಪ್ಪಣಿ ಪತ್ರಿಕೆಗೆ ಸೋರಿಹೋಯಿತು. ದೊಡ್ಡ ರಾದ್ಧಾಂತ. ಅದೇ ಸೆಪ್ಟೆಂಬರಿನಲ್ಲಿ ಭಾರತ ಪಡೆ ವಾಪಸ್ ಕರೆಸಿಕೊಳ್ಳುತ್ತೇವೆ ಅಂದಿತು.

ಮೂಲ ತೊಂದರೆ ಇಷ್ಟೇ. ನೀಲಿ ಟೋಪಿ ಒಂದೇ, ಆದರೆ ಪ್ರತಿ ತುಕಡಿಗೂ ಯಜಮಾನರು ಇಬ್ಬರು. ಒಬ್ಬರು ಅಲ್ಲಿನ ಫೋರ್ಸ್ ಕಮಾಂಡರ್, ಇನ್ನೊಬ್ಬರು ತಮ್ಮ ರಾಜಧಾನಿ. ಗಂಡಾಂತರದ ಆದೇಶ ಬಂದರೆ ಎಲ್ಲರೂ ಮೊದಲು ಮನೆಗೆ ಫೋನ್ ಮಾಡ್ತಾರೆ. ನಮ್ಮವರೂ ಮಾಡ್ತಾರೆ.

ವಾನವಡಿ ಮನೆಯವಳು

ಮನೆಗೆ ಫೋನ್ ಅಂದಿರಲ್ಲ, ಅದಕ್ಕೆ ಬರೀತಿದ್ದೀನಿ. ನಮ್ಮ ಮನೆಯವರು 2006ರಲ್ಲಿ ವಿಶ್ವಸಂಸ್ಥೆ ಡ್ಯೂಟಿ ಮೇಲೆ ಲೆಬನಾನಿನಲ್ಲಿದ್ದರು. ನಾನು ಮಗನ ಜೊತೆ ಇಲ್ಲಿ ಎಸ್.ಎಫ್. ಕ್ವಾರ್ಟರ್ಸಿನಲ್ಲಿ, ಅಂದರೆ ಗಂಡ ದೂರದ ಡ್ಯೂಟಿಯಲ್ಲಿದ್ದಾಗ ಸಂಸಾರಕ್ಕೆ ಕೊಡೋ ಮನೆಯಲ್ಲಿ. ಜುಲೈ 12ಕ್ಕೆ ಇಸ್ರೇಲ್-ಹಿಜ್ಬುಲ್ಲಾ ಯುದ್ಧ ಶುರುವಾಯಿತು, 34 ದಿನ ನಡೆಯಿತು. ಖಿಯಾಮ್‌ನಲ್ಲಿ ವಿಶ್ವಸಂಸ್ಥೆಯ ಚೌಕಿ ಮೇಲೆ ಬಾಂಬ್ ಬಿದ್ದು ನಾಲ್ವರು ವೀಕ್ಷಕರು ಸತ್ತರು. ಟಿವಿಯಲ್ಲಿ ಬರೀ ‘ಯುಎನ್ ಪೋಸ್ಟ್’ ಅಂತ ಓಡ್ತಿತ್ತು, ಯಾವ ದೇಶದವರು ಅಂತ ಬರ್ತಿರಲಿಲ್ಲ. ಆಮೇಲೆ ಗೊತ್ತಾಯಿತು: ಆಸ್ಟ್ರಿಯಾ, ಕೆನಡಾ, ಚೀನಾ, ಫಿನ್ಲೆಂಡ್. ನನಗೆ ಉಸಿರು ಬಂತು. ಹಾಗೆ ಉಸಿರು ಬಿಟ್ಟಿದ್ದಕ್ಕೆ ನಾಚಿಕೆಯೂ ಆಯಿತು, ಅಲ್ಲೂ ಯಾರದೋ ಮನೆಯಲ್ಲಿ ಟಿವಿ ಇರುತ್ತದಲ್ಲ.

ವಾಪಸ್ ಬಂದ ಮೇಲೆ ಇವರು ಯುದ್ಧದ ಬಗ್ಗೆ ಮಾತೇ ಆಡಲಿಲ್ಲ. ನಮ್ಮ ಪಡೆಯ ಜೊತೆ ದನದ ಡಾಕ್ಟರ್ ಇರ್ತಾರಂತೆ, ಹಳ್ಳಿಯವರ ಆಡು, ಹಸು ನೋಡೋಕೆ. ಹೇಳಿದರೆ ಬರೀ ಆಡಿನ ಕಥೆ.

ದಿಘಿ ಹವಾಲ್ದಾರ

ಅಕ್ಕಾರೆ, ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ.

ನಾನು ಮಲಕಾಲ್ ಬಿಟ್ಟ ಕೆಲವೇ ತಿಂಗಳಿಗೆ, 2013ರ ಡಿಸೆಂಬರ್‌ನಲ್ಲಿ, ಅಲ್ಲಿ ಒಳಜಗಳ ಹೊತ್ತಿಕೊಂಡಿತು. ಅಕೋಬೋದಲ್ಲಿ ನಮ್ಮ ಇಬ್ಬರು ಜವಾನರು ಸತ್ತರು. ಮಲಕಾಲ್ ಊರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಷ್ಟೋ ಸಲ ಹೋಯಿತು. ಜನ ಜೀವ ಉಳಿಸಿಕೊಳ್ಳೋಕೆ ವಿಶ್ವಸಂಸ್ಥೆಯ ಆವರಣದೊಳಗೆ ನುಗ್ಗಿದರು. 20 ಸಾವಿರಕ್ಕೂ ಜಾಸ್ತಿ. ಮುಂದಿನ ಮಳೆಗಾಲದ ಫೋಟೋ ನೋಡಿದೆ. ಮೊಣಕಾಲುದ್ದ ಕೆಸರು, ಅದರೊಳಗೆ ಪ್ಲಾಸ್ಟಿಕ್ ಹೊದಿಕೆಯ ಗುಡಾರ, ಮಗುವನ್ನು ಎತ್ತಿಕೊಂಡ ಹೆಂಗಸು.

ಆ ಆವರಣದ ಸುತ್ತ ಚರಂಡಿ ತೋಡಿದವರಲ್ಲಿ ನಾವೂ ಇದ್ದೆವು. ಲೆಕ್ಕ ಹಾಕಿದ್ದು ಕೆಲವು ನೂರು ಸಿಬ್ಬಂದಿಗೆ, ಗಾಡಿಗಳಿಗೆ. ಇಳಿಜಾರು ಯಾವ ಕಡೆಗೆ, ನೀರು ಎಲ್ಲಿ ನಿಲ್ಲುತ್ತದೆ ಅಂತ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಫೋಟೋ ನೋಡ್ತಾ ಕೂತು, ಇನ್ನು ಅರ್ಧ ಮೀಟರ್ ಅಗಲ ತೋಡಬಹುದಿತ್ತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಡೋಜರ್ ಇತ್ತು, ಡೀಸೆಲ್ ಇತ್ತು. ಪ್ಲಾನಿನಲ್ಲಿ ಅಷ್ಟೇ ಇತ್ತು, ಅಷ್ಟೇ ತೋಡಿದೆವು. ಮನೆಯವಳು ಊಟಕ್ಕೆ ಎರಡು ಸಲ ಕರೆದಳು.

ಪಿಕ್ನಿಕ್ ಅಂತ ಬರೆದವರು ಯಾರೋ, ಅವರಿಗೆ ಇದು ಸಿಗಲಿ ಅಂತ ಬರೆದೆ. ಜಗಳಕ್ಕಲ್ಲ.

ಭೋಸರಿ ಪೋರ

ಕಾಕಾ, ‘ಪಿಕ್ನಿಕ್’ ಅಂತ ಬರೆದವನು ನಾನೇ. ಸಾರಿ. ಸುಮ್ನೆ ತಮಾಷೆಗೆ ಬರೆದಿದ್ದೆ.

ನನಗೆ 18 ವರ್ಷ. ಅಗ್ನಿವೀರ್ ಭರ್ತಿಗೆ ತಯಾರಿ ಮಾಡ್ತಿದ್ದೀನಿ. 1.6 ಕಿಲೋಮೀಟರ್ ಓಟ 6 ನಿಮಿಷಕ್ಕೆ ಬರ್ತಿದೆ, ಐದೂವರೆಗೆ ಇಳೀತಾನೇ ಇಲ್ಲ. ಸ್ಯಾಪರ್ ಆಗೋಕೆ ಏನು ಮಾಡಬೇಕು?

ದಿಘಿ ಹವಾಲ್ದಾರ

ಸಾರಿ ಗೀರಿ ಬೇಡ. ಮೊದಲ ಸುತ್ತು ಜೋರಾಗಿ ಓಡ್ತೀಯ ಅನಿಸುತ್ತದೆ, ಎಲ್ಲಾ ಹುಡುಗರದೂ ಅದೇ ರೋಗ. ಮೂರನೇ ಸುತ್ತಿಗೆ ದಮ್ಮು ಖಾಲಿ. ಭೋಸರಿಯಿಂದ ದಿಘಿ ಏನು ದೂರ? ಭಾನುವಾರ ಬೆಳಿಗ್ಗೆ ಐದೂವರೆಗೆ ಬಾ, ನನ್ನ ಹತ್ತಿರ ಹಳೇ ಸ್ಟಾಪ್‌ವಾಚ್ ಇದೆ. ಶನಿವಾರ ರಾತ್ರಿ ಮಳೆ ಬಂದರೆ ಮಾತ್ರ ಬರಬೇಡ. ಅಲ್ಲಿನ ಮೈದಾನವೂ ಎರೆಯೇ.